ದುಬಾರಿ ಬೈನಾಕ್ಯುಲರ್: ಗಾಜು ಹೊಸದರಂತಿದೆ, ಮೇಲಿನ ರಬ್ಬರ್ ಉದುರುತ್ತಿದೆ

ಕೆರೆದಂಡೆ (ಪ್ರಶ್ನೆ ಕೇಳಿದವರು)

ನನ್ನದು 8×42 (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲದ) ರೂಫ್ ಪ್ರಿಸಂ ಬೈನಾಕ್ಯುಲರ್, ಅಂದರೆ ಕೊಳವೆಗಳು ನೇರವಾಗಿರುವ ಜಾತಿಯದು. ಕಂಪನಿಯ ಹೆಸರು ಇಲ್ಲಿ ಬೇಡ. ಅವರ ಮಾಡೆಲ್‌ಗಳಲ್ಲೇ ಮೇಲ್ದರ್ಜೆಯದು ಅಂತ ತಿಳಿದುಕೊಳ್ಳಿ. ಹಕ್ಕಿ ನೋಡುವ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಇನ್ನು ಮುಂದೆ ಬೇರೆ ಕೊಳ್ಳುವ ಪ್ರಶ್ನೆಯೇ ಬರಬಾರದು ಅಂತ ದುಡ್ಡು ಕೂಡಿಸಿ ತೆಗೆದುಕೊಂಡಿದ್ದು. ಗಾಜಿನ ವಿಷಯದಲ್ಲಿ ಒಂದು ಮಾತೂ ಆಡುವ ಹಾಗಿಲ್ಲ. ಸಂಜೆ ಬೆಳಕು ಇಳಿದ ಮೇಲೂ ಪೊದೆಯೊಳಗೆ ಕೂತ ಹಕ್ಕಿಯ ಕಣ್ಣಿನ ಸುತ್ತಲಿನ ಬಣ್ಣ ಕಾಣುತ್ತದೆ. ಫೋಕಸ್ ಚಕ್ರ ಇವತ್ತಿಗೂ ನುಣ್ಣಗೆ ತಿರುಗುತ್ತದೆ. ಕೆಟ್ಟಿರುವುದು ಹೊರಗಿನ ಹಸಿರು ರಬ್ಬರ್ ಹೊದಿಕೆ ಒಂದೇ.

ಶುರುವಾಗಿದ್ದು ಎಡ ಹೆಬ್ಬೆರಳು ಕೂರುವ ಜಾಗದಲ್ಲಿ. ಬೈನಾಕ್ಯುಲರ್‌ನ ಅಡಿಯಲ್ಲಿ ಹೆಬ್ಬೆರಳಿಗೆಂದೇ ಸಣ್ಣ ತಗ್ಗು ಕೊಟ್ಟಿರುತ್ತಾರಲ್ಲ, ಅಲ್ಲಿ. ಮೊದಲು ಬಣ್ಣ ಸ್ವಲ್ಪ ಕಪ್ಪಾಯಿತು, ಹೊಳಪು ಬಂತು. ಕೊಳೆ ಇರಬೇಕು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಆಮೇಲೆ ನೋಡಿದರೆ ಅಲ್ಲಿ ಉಗುರು ಊರಿದ ಗುರುತು ಹಾಗೇ ಉಳಿಯುತ್ತಿತ್ತು. ಬೇರೆ ಕಡೆ ಒತ್ತಿದರೆ ರಬ್ಬರ್ ಕೂಡಲೇ ಮೇಲೆದ್ದು ಬರುತ್ತದೆ. ಮೆತ್ತಗಾದ ಜಾಗದಲ್ಲಿ ಸಣ್ಣ ಸಣ್ಣ ಸೀಳು ಬಂದವು. ಈಗ ಚೂರು ಚೂರಾಗಿ ಕಿತ್ತು ಬೆರಳಿಗೆ ಅಂಟಿಕೊಂಡು ಬರುತ್ತಿದೆ. ಕೆಳಗಿನ ಮೆಗ್ನೀಸಿಯಂ ದೇಹಕ್ಕೆ ಬಳಿದ ಕಪ್ಪು ಬಣ್ಣ, ಅದರ ಮೇಲೆ ಒಣಗಿದ ಅಂಟಿನ ಹಳದಿ ಗೆರೆಗಳು ಕಾಣಿಸುತ್ತಿವೆ.

ಇನ್ನೊಂದು ಕಡೆಯೂ ಹಾಳಾಗಿದೆ, ಆದರೆ ಬೇರೆ ಥರ. ಪಟ್ಟಿ ಸಿಕ್ಕಿಸುವ ಕೊಂಡಿಯ ಪಕ್ಕ, ದೇಹ ತಿರುವು ತೆಗೆದುಕೊಳ್ಳುವ ಅಂಚಿನಲ್ಲಿ ಗೆರೆ ಎಳೆದ ಹಾಗೆ ಬಿರುಕುಗಳಿವೆ. ಎಲ್ಲವೂ ಒಂದೇ ದಿಕ್ಕಿನಲ್ಲಿವೆ. ಅಲ್ಲಿ ರಬ್ಬರ್ ಮೆತ್ತಗಾಗಿಲ್ಲ, ಅಂಟುವುದೂ ಇಲ್ಲ.

ಸರ್ವಿಸ್‌ನವರಿಗೆ ಫೋಟೋ ಕಳಿಸಿದೆ. "ಇದು ಸಹಜ ಸವೆತ. ಬೆವರು, ಕ್ರೀಮ್ ತಾಗಿದರೆ ಹೀಗಾಗುತ್ತದೆ. ವಾರಂಟಿ ಗಾಜಿಗೆ, ಯಂತ್ರಭಾಗಕ್ಕೆ ಮಾತ್ರ" ಅಂತ ಬರೆದರು. ನನಗೆ ಇದನ್ನು ಒಪ್ಪೋಕೆ ಆಗ್ತಿಲ್ಲ. ಕೈಯಲ್ಲಿ ಹಿಡಿಯಲೆಂದೇ ಮಾಡಿದ ವಸ್ತು ಇದು. ಬಿಸಿಲಲ್ಲಿ, ಕಾಡಲ್ಲಿ, ನೀರಿನ ಪಕ್ಕ ನಿಂತು ಬಳಸಿ ಅಂತ ಅವರೇ ಜಾಹೀರಾತು ಕೊಡುತ್ತಾರೆ. ಬೆವರದ ಕೈ ಎಲ್ಲಿಂದ ತರೋಣ? ಮಸೂರದ ಒಂದೊಂದು ಪದರದ ಲೇಪನಕ್ಕೂ ಅಷ್ಟು ತಲೆ ಕೆಡಿಸಿಕೊಂಡವರು, ಕೈ ಸದಾ ಮುಟ್ಟುವ ಭಾಗದ ಬಗ್ಗೆ ಯಾಕೆ ಇಷ್ಟು ಸಡಿಲ?

ತಿಳಿದವರು ದಯವಿಟ್ಟು ಹೇಳಿ. ಇದು ಯಾಕೆ ಹೀಗಾಗುತ್ತದೆ? ಉಳಿದ ರಬ್ಬರನ್ನು ನಾನೇ ಅಂಟಿಸಬಹುದಾ? ಹೊದಿಕೆ ಹೋದ ಕಡೆಯಿಂದ ನೀರು ಒಳಗೆ ಹೋಗುತ್ತಾ? ಹೊಸದಾಗಿ ಕೊಳ್ಳುವವರು ಹೊದಿಕೆಯ ಬಗ್ಗೆ ಏನು ಕೇಳಬೇಕು ಅನ್ನುವುದೂ ಇಲ್ಲಿ ದಾಖಲಾಗಲಿ. ಎಲ್ಲ ವಿಮರ್ಶೆಗಳಲ್ಲೂ ಗಾಜಿನ ಬಗ್ಗೆ ಪುಟಗಟ್ಟಲೆ ಇರುತ್ತೆ, ರಬ್ಬರ್ ಬಗ್ಗೆ "ಹಿಡಿತ ಚೆನ್ನಾಗಿದೆ" ಅನ್ನುವ ಒಂದು ಸಾಲು ಬಿಟ್ಟರೆ ಬೇರೇನೂ ಇರಲ್ಲ.

ಗಂಧಕ

ನಾನು ರಬ್ಬರ್ ಕಾಂಪೌಂಡ್ (ರಬ್ಬರ್‌ಗೆ ಬೇರೆ ಪದಾರ್ಥ ಬೆರೆಸಿದ ಮಿಶ್ರಣ) ಮಾಡುವ ಕೆಲಸದಲ್ಲಿದ್ದವನು. ನೀವು ಎರಡು ಜಾಗವನ್ನು ಬೇರೆ ಬೇರೆಯಾಗಿ ಹೇಳಿದ್ದು ಒಳ್ಳೆಯದಾಯಿತು. ಅವು ಎರಡು ಬೇರೆ ಕಾಯಿಲೆಗಳು.

ಹೆಬ್ಬೆರಳಿನದು ಎಣ್ಣೆಯ ಕೆಲಸ. ಬೆವರು ಅಂದರೆ ಉಪ್ಪುನೀರು ಅಂತ ನಾವು ಅಂದುಕೊಳ್ಳುತ್ತೇವೆ. ಉಪ್ಪುನೀರಿನಿಂದ ರಬ್ಬರ್‌ಗೆ ದೊಡ್ಡ ತೊಂದರೆ ಇಲ್ಲ. ಚರ್ಮದಿಂದ ಅದರ ಜೊತೆಗೇ ಬರುವ ಜಿಡ್ಡು ಇದೆಯಲ್ಲ, ಓಲಿಕ್ ಆಮ್ಲದಂಥ ಕೊಬ್ಬಿನಾಮ್ಲಗಳು, ಸ್ಕ್ವಾಲೀನ್, ಅವು ರಬ್ಬರ್ ಒಳಗೆ ಇಳಿಯುತ್ತವೆ. ನೈಸರ್ಗಿಕ ರಬ್ಬರ್‌ಗೆ ಎಣ್ಣೆ ತಡೆಯುವ ಶಕ್ತಿ ತೀರಾ ಕಡಿಮೆ. ಎಣ್ಣೆ ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಗಟ್ಟಿತನ ಹೋಗಿ ಕಿತ್ತು ಬರುತ್ತದೆ. ಈಗ ಜಾಸ್ತಿ ಬಳಸುವ ಥರ್ಮೋಪ್ಲಾಸ್ಟಿಕ್ ಇಲಾಸ್ಟೋಮರ್‌ಗಳಲ್ಲೂ (ಕರಗಿಸಿ ಅಚ್ಚು ಹಾಕುವ ರಬ್ಬರ್‌ನಂಥ ಪ್ಲಾಸ್ಟಿಕ್) ಕೆಲವಕ್ಕೆ ಇದೇ ಪಾಡು. ನೈಟ್ರೈಲ್ ಅನ್ನುವ ಕೃತಕ ರಬ್ಬರ್ ಎಣ್ಣೆಗೆ ಜಗ್ಗುವುದಿಲ್ಲ, ಆದರೆ ಓಝೋನ್‌ಗೆ (ಗಾಳಿಯಲ್ಲಿರುವ ಆಮ್ಲಜನಕದ ಒಂದು ಚುರುಕು ರೂಪ) ಜಗ್ಗುತ್ತದೆ. ಇಪಿಡಿಎಂ ಅನ್ನುವ ಇನ್ನೊಂದು ಕೃತಕ ರಬ್ಬರ್ ಬಿಸಿಲು ಮತ್ತು ಓಝೋನ್‌ಗೆ ಗಟ್ಟಿ, ಎಣ್ಣೆಗೆ ಮೆದು. ಎಲ್ಲದಕ್ಕೂ ಒಂದೇ ರಬ್ಬರ್ ಸಿಗೋದಿಲ್ಲ. ಯಾವ ಶತ್ರು ಮುಖ್ಯ ಅಂತ ತಯಾರಕರು ಮೊದಲೇ ತೀರ್ಮಾನ ಮಾಡಬೇಕಾಗುತ್ತದೆ.

ಅಂಚಿನ ಬಿರುಕು ಓಝೋನ್‌ನದು. ಗಾಳಿಯಲ್ಲಿ ತುಂಬಾ ಕಡಿಮೆ ಪ್ರಮಾಣದಲ್ಲಿದ್ದರೂ ಅದು ರಬ್ಬರ್ ಅಣುಗಳಲ್ಲಿನ ಜೋಡಿಬಂಧಗಳನ್ನು ಕಡಿಯುತ್ತದೆ. ಸುಮ್ನೆ ಸಡಿಲವಾಗಿ ಬಿದ್ದಿರುವ ರಬ್ಬರ್‌ನಲ್ಲಿ ಬಿರುಕು ಕಾಣಿಸದು. ಎಳೆದು ಬಿಗಿದ ಕಡೆ ಮಾತ್ರ ಬಾಯಿ ಬಿಡುತ್ತದೆ, ಅದೂ ಎಳೆತಕ್ಕೆ ಅಡ್ಡಲಾಗಿ. ನಿಮ್ಮ ಬಿರುಕುಗಳೆಲ್ಲ ಒಂದೇ ದಿಕ್ಕಿನಲ್ಲಿರುವುದು ಅದಕ್ಕೇ. ಆ ತಿರುವಿನಲ್ಲಿ ಹೊದಿಕೆಯನ್ನು ಎಳೆದು ಕೂರಿಸಿದ್ದಾರೆ.

ಇದರಲ್ಲಿ ಬಣ್ಣದ ಪಾತ್ರವೂ ಇದೆ. ಟೈರ್ ಯಾಕೆ ಕಪ್ಪು? ಅದರಲ್ಲಿ ಕಾರ್ಬನ್ ಬ್ಲ್ಯಾಕ್ ಅನ್ನುವ ಮಸಿಪುಡಿ ಇರುತ್ತದೆ. ರಬ್ಬರನ್ನು ಗಟ್ಟಿ ಮಾಡುವುದರ ಜೊತೆಗೆ ಅದು ನೇರಳಾತೀತ ಕಿರಣಗಳನ್ನೂ ಹೀರಿಕೊಳ್ಳುತ್ತದೆ. ಹಸಿರು ಹೊದಿಕೆಗೆ ಅದನ್ನು ಹಾಕಿದರೆ ಹಸಿರು ಉಳಿಯುವುದೇ ಇಲ್ಲ. ಓಝೋನ್ ತಡೆಯಲು ಟೈರ್‌ಗೆ ಹಾಕುವ ಅಮೀನ್ ಜಾತಿಯ ರಾಸಾಯನಿಕಗಳೂ ಕಂದು ಕಲೆ ಮಾಡುತ್ತವೆ. ಬಣ್ಣದ ರಬ್ಬರ್‌ನಲ್ಲಿ ಅವನ್ನು ಬಿಟ್ಟು ಕಲೆ ಮಾಡದ ಫಿನಾಲಿಕ್ ಜಾತಿಯವನ್ನು ಹಾಕುತ್ತಾರೆ. ಓಝೋನ್ ವಿಷಯದಲ್ಲಿ ಅವು ಅಷ್ಟಕ್ಕಷ್ಟೆ. ಹಾಗಂತ ಹಸಿರೆಲ್ಲ ಕೆಟ್ಟದ್ದು ಅಂತ ಅಲ್ಲ. ಹಸಿರು ಮಾಡುವವನು ಜಾಸ್ತಿ ಕಷ್ಟಪಡಬೇಕು, ಅಷ್ಟೆ.

ಒಂದು ವಿಷಯ ಕೇಳಬೇಕು. ನೀವು ಸನ್‌ಸ್ಕ್ರೀನ್ ಅಥವಾ ಸೊಳ್ಳೆಗೆ ಹಚ್ಚುವ ಔಷಧಿ ಬಳಸುತ್ತೀರಾ? ಡೀಟ್ ಇರುವ ಔಷಧಿ ಒಳ್ಳೆಯ ದ್ರಾವಕ. ಎಷ್ಟೋ ಪ್ಲಾಸ್ಟಿಕ್, ಬಣ್ಣ, ಸಿಂಥೆಟಿಕ್ ಚರ್ಮವನ್ನು ಮೆತ್ತಗೆ ಮಾಡಿಬಿಡುತ್ತದೆ. ಪಿಕಾರಿಡಿನ್ ಇರುವ ಸೊಳ್ಳೆ ಔಷಧಿ ಪ್ಲಾಸ್ಟಿಕ್‌ಗೆ ಹಾನಿ ಮಾಡುವುದಿಲ್ಲ. ಎಷ್ಟೋ ಸನ್‌ಸ್ಕ್ರೀನ್‌ಗಳಲ್ಲಿ ಎಣ್ಣೆಯ ಅಂಶ, ಅವೊಬೆನ್ಜೋನ್ ಥರದ ಬಿಸಿಲು ತಡೆಯುವ ರಾಸಾಯನಿಕ ಎರಡೂ ಇರುತ್ತವೆ.

ಇಷ್ಟು ಹೇಳಿದ ಮೇಲೂ, "ಬೆವರು ತಾಗಿಸಿದ್ದೀರಿ" ಅನ್ನುವ ಉತ್ತರವನ್ನು ನಾನಂತೂ ಒಪ್ಪುವುದಿಲ್ಲ. ದೃಗ್ ಉಪಕರಣಗಳನ್ನು ಪರಿಸರದ ಹೊಡೆತಕ್ಕೆ ಒಡ್ಡಿ ಪರೀಕ್ಷಿಸಲು ಐಎಸ್‌ಒ 9022 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ 12ನೇ ಭಾಗ ಇರುವುದೇ ಇಂಥ ಪದಾರ್ಥಗಳು ತಾಗಿದಾಗ ಏನಾಗುತ್ತದೆ ಅಂತ ನೋಡಲು. ಕೃತಕ ಕೈಬೆವರು, ಕ್ರೀಮ್‌ಗಳ ಮೂಲವಸ್ತುಗಳು ಅದರಲ್ಲಿ ಹೆಸರಿಸಿಯೇ ಇವೆ. ಅಂದರೆ ಇದು ಯಾರೂ ಊಹಿಸದ ಬಳಕೆ ಅಲ್ಲ.

ಕೆರೆದಂಡೆ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಬಿರುಕಿನ ದಿಕ್ಕಿಗೆ ಕಾರಣ ಇದೆ ಅಂತ ಈಗಲೇ ಗೊತ್ತಾಗಿದ್ದು. ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ಮತ್ತೆ ನೋಡಿದೆ. ನೀವು ಹೇಳಿದ ಹಾಗೇ ಇದೆ. ಹೊದಿಕೆ ಉದ್ದಕ್ಕೆ ಬಿಗಿದು ಕೂತಿದೆ, ಬಿರುಕುಗಳು ಅಡ್ಡಕ್ಕಿವೆ.

ಸನ್‌ಸ್ಕ್ರೀನ್ ಹಚ್ಚುತ್ತೇನೆ, ಬಿಸಿಲಲ್ಲಿ ನಿಲ್ಲುವವರಿಗೆ ಬೇರೆ ದಾರಿ ಇಲ್ಲ. ಸೊಳ್ಳೆ ಔಷಧಿ ಯಾವಾಗಲಾದರೂ ಒಮ್ಮೆ, ಅದೂ ಪ್ಯಾಂಟಿನ ಮೇಲೆ. ಎಡಗೈ ಹೆಬ್ಬೆರಳೇ ಯಾಕೆ ಅಂತ ಯೋಚಿಸುತ್ತಿದ್ದೆ. ಬಲಗೈ ನೋಟ್‌ಬುಕ್ಕು, ಪೆನ್ನು, ಫೋಕಸ್ ಚಕ್ರ ಅಂತ ಓಡಾಡುತ್ತಿರುತ್ತದೆ. ಬೈನಾಕ್ಯುಲರ್‌ನ ಭಾರ ಪೂರ್ತಿ ಹೊರುವುದು ಎಡಗೈ, ಅದರ ಹೆಬ್ಬೆರಳು ಅಲ್ಲೇ ಒತ್ತಿಕೊಂಡಿರುತ್ತದೆ. ಮುಖ ಒರೆಸಿಕೊಳ್ಳುವುದೂ ಅದೇ ಕೈಯಲ್ಲಿ.

ಆದರೆ ನನ್ನ ವಾದ ಇಲ್ಲೇ ಇರುವುದು. ಹೆಬ್ಬೆರಳು ಇಲ್ಲೇ ಕೂರುತ್ತದೆ ಅಂತ ಕಂಪನಿಗೆ ಗೊತ್ತಿತ್ತು. ಗೊತ್ತಿದ್ದಕ್ಕೇ ತಾನೇ ಅಲ್ಲಿ ತಗ್ಗು ಮಾಡಿದ್ದು? ಅದೇ ಜಾಗದಲ್ಲಿ ರಬ್ಬರ್ ಸವೆಯುತ್ತದೆ ಅನ್ನುವುದಾದರೆ ಆ ಒಂದು ತುಂಡನ್ನು ಬಿಚ್ಚಿ ಹಾಕುವ ಹಾಗೆ ಮಾಡಬಹುದಿತ್ತು. ಕಣ್ಣಿಗೆ ತಾಗುವ ರಬ್ಬರ್ ಬಳೆ, ಅಂದರೆ ಐಕಪ್, ಸವೆದರೆ ತಿರುಗಿಸಿ ತೆಗೆದು ಹೊಸದು ಹಾಕಿಕೊಳ್ಳುತ್ತೇವೆ, ಅದಕ್ಕೆ ಯಾರೂ ಜಗಳ ಆಡುವುದಿಲ್ಲ. ಸವೆಯುವ ಭಾಗ ಅಂತ ಕರೆಯುವುದಾದರೆ ಬದಲಿಸುವ ದಾರಿಯನ್ನೂ ಕೊಡಬೇಕು ಅಲ್ವಾ?

ಸ್ಕ್ರೂಡ್ರೈವರ್

ಬೈನಾಕ್ಯುಲರ್, ಮೈಕ್ರೋಸ್ಕೋಪು ರಿಪೇರಿ ನನ್ನ ಕೆಲಸ. ನೀರಿನ ಪ್ರಶ್ನೆಗೆ ಮೊದಲು ಉತ್ತರ. ಗಾಬರಿ ಬೇಡ. ನೀರು ತಡೆಯುವುದು ರಬ್ಬರ್ ಹೊದಿಕೆ ಅಲ್ಲ, ಒಳಗಿನ ಓ-ರಿಂಗ್‌ಗಳು, ಅಂದರೆ ಸಂದು ಮುಚ್ಚುವ ರಬ್ಬರ್ ಬಳೆಗಳು. ಮುಂದಿನ ಮಸೂರ, ಐಪೀಸ್ (ಕಣ್ಣಿನ ಕಡೆಯ ಮಸೂರ), ಫೋಕಸ್ ಕಡ್ಡಿ ಹಾದುಹೋಗುವ ಜಾಗ, ಎಲ್ಲ ಕಡೆ ಒಂದೊಂದು ಇರುತ್ತದೆ. ಒಳಗೆ ಮಂಜು ಕಟ್ಟದಿರಲಿ ಅಂತ ತುಂಬಿದ ನೈಟ್ರೋಜನ್ ಹೊರಹೋಗದಂತೆ ನೋಡಿಕೊಳ್ಳುವುದೂ ಅವೇ. ಐಪಿಎಕ್ಸ್7 (ಎಷ್ಟು ನೀರು ತಡೆಯುತ್ತದೆ ಅಂತ ಹೇಳುವ ಗುರುತು) ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟರೂ ಹಾನಿ ಆಗಬಾರದು. ಆ ಭರವಸೆ ನಿಂತಿರುವುದು ಓ-ರಿಂಗ್ ಮೇಲೆ. ಹೊದಿಕೆ ಇಲ್ಲದಿದ್ದರೆ ಆಗುವ ನಷ್ಟ ಬೇರೆ. ಬಿದ್ದಾಗ ಪೆಟ್ಟು ನೇರವಾಗಿ ದೇಹಕ್ಕೆ ಬೀಳುತ್ತದೆ, ಪ್ರಿಸಂ ಅಲುಗಿ ಎರಡು ಕಣ್ಣಿನ ಚಿತ್ರ ಒಂದಾಗದೆ ಹೋಗಬಹುದು. ಮೆಗ್ನೀಸಿಯಂ ಮೇಲಿನ ಬಣ್ಣ ಎದ್ದರೆ ಉಪ್ಪು ಬೆವರಿಗೆ ಆ ಲೋಹ ಬೇಗ ತಿನ್ನಿಸಿಕೊಳ್ಳುತ್ತದೆ. ಹೆಬ್ಬೆರಳ ಜಾಗದಲ್ಲಿ ಬೂದಿಬಣ್ಣದ ಪುಡಿ ಕಂಡರೆ ತಡಮಾಡಬೇಡಿ.

ಅಂಟಿಸುವ ವಿಷಯ. ಫೆವಿಕ್ವಿಕ್ ಥರದ ತಕ್ಷಣ ಅಂಟುವ ಗೋಂದನ್ನು ಬೈನಾಕ್ಯುಲರ್ ಹತ್ತಿರವೂ ತರಬೇಡಿ. ಅದರಲ್ಲಿರುವ ಸೈನೋಅಕ್ರಿಲೇಟ್‌ನ ಆವಿ ಹತ್ತಿರದ ಮೇಲ್ಮೈಗಳಲ್ಲಿ ಬೆಳ್ಳಗೆ ಕೂರುತ್ತದೆ. ಪೊಲೀಸರು ಬೆರಳಚ್ಚು ಎತ್ತುವುದು ಇದೇ ಆವಿಯಿಂದ. ಅದು ಮಸೂರದ ಮೇಲೆ ಕೂತರೆ ಲೇಪನಕ್ಕೆ ಪೆಟ್ಟಾಗದಂತೆ ತೆಗೆಯುವುದು ಬಲು ಕಷ್ಟ. ಚಪ್ಪಲಿ ಅಂಟಿಸುವ ಹಳದಿ ಗೋಂದೂ ಬೇಡ, ಅದರಲ್ಲಿನ ದ್ರಾವಕ ಉಳಿದ ರಬ್ಬರನ್ನು ಉಬ್ಬಿಸುತ್ತದೆ. ಒಮ್ಮೆ ಜಿಡ್ಡು ಇಳಿದ ರಬ್ಬರ್‌ಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಅಸಿಟೋನ್, ಪೆಟ್ರೋಲ್, ಟೈರ್‌ಗೆ ಹೊಳಪು ಕೊಡುವ ಸ್ಪ್ರೇ, ಇವ್ಯಾವುದರ ಪ್ರಯೋಗವೂ ಬೇಡ.

ಸದ್ಯಕ್ಕೆ ಹೀಗೆ ಮಾಡಿ. ಸಡಿಲವಾದ ಚೂರುಗಳನ್ನು ಕೀಳಬೇಡಿ. ಆ ಭಾಗವನ್ನು ತಿಳಿಯಾದ ಸಾಬೂನು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಮೇಲೆ ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪ್ ಸುತ್ತಿ. ಅದರಲ್ಲಿ ಗೋಂದು ಇರುವುದಿಲ್ಲ, ಎಳೆದು ಸುತ್ತಿದರೆ ಪದರಕ್ಕೆ ಪದರ ಬೆಸೆದುಕೊಳ್ಳುತ್ತದೆ, ಬೇಡವಾದಾಗ ಬ್ಲೇಡಿನಿಂದ ಸೀಳಿ ತೆಗೆಯಬಹುದು. ಫೋಕಸ್ ಚಕ್ರ ಮತ್ತು ನಡುವಿನ ಹಿಂಜ್‌ಗೆ ತಾಗದಂತೆ ಒಂದು ಕೊಳವೆಗೆ ಮಾತ್ರ ಸುತ್ತಬೇಕು.

ಪೂರ್ತಿ ಹೊದಿಕೆ ಬದಲಿಸುವುದು ಕಂಪನಿಯ ಕೈಯಲ್ಲೇ ಆಗುವ ಕೆಲಸ. ಅಚ್ಚಿನಲ್ಲಿ ಮಾಡಿದ ತುಂಡು ಅವರ ಬಳಿಯೇ ಇರುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ತೊಡಿಸಲು ಐಪೀಸ್ ಕಡೆಯ ಭಾಗ ಬಿಚ್ಚಬೇಕು. ಬಿಚ್ಚಿದ ಮೇಲೆ ನೈಟ್ರೋಜನ್ ಮತ್ತೆ ತುಂಬಬೇಕು, ಎರಡು ಕೊಳವೆಗಳ ದೃಷ್ಟಿರೇಖೆ ಮತ್ತೆ ಹೊಂದಿಸಬೇಕು. ಆ ಸಲಕರಣೆ ಇಲ್ಲದ ಅಂಗಡಿಗೆ ಕೊಡಬೇಡಿ.

ಹಳೇ ಪೊರೊ

ನನ್ನ ಬಳಿ ಎರಡಿವೆ. ಒಂದು ಹಳೆಯ ಪೊರೊ ಪ್ರಿಸಂದು (ಕೊಳವೆಗಳು ನೇರವಾಗಿರದೆ ಮೆಟ್ಟಿಲಿನ ಹಾಗೆ ಬಾಗಿರುವ ಜಾತಿ), ಮೇಲೆ ಗಟ್ಟಿ ಕಪ್ಪು ಲೆದರೆಟ್, ಅಂದರೆ ಕೃತಕ ಚರ್ಮ. ಮನೆಯಲ್ಲಿ ಹಿರಿಯರ ಕೈಯಿಂದ ಬಂದಿದ್ದು. ಅದರ ಹೊದಿಕೆ ಇವತ್ತಿಗೂ ಒಂದು ಕಡೆ ಎದ್ದಿಲ್ಲ. ಹಾಗಂತ ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಒದ್ದೆ ಕೈಯಲ್ಲಿ ಜಾರುತ್ತದೆ, ಕಲ್ಲಿಗೆ ತಾಗಿದರೆ ಟಣ್ ಅನ್ನುತ್ತದೆ, ಪೆಟ್ಟು ತಡೆಯುವ ಗುಣ ಇಲ್ಲವೇ ಇಲ್ಲ.

ಇನ್ನೊಂದು ಮೇಲೆ ಮಖಮಲ್ಲಿನ ಹಾಗೆ ಮೃದುವಾಗಿದ್ದ ಲೇಪನದ್ದು. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಬಿಡಲು ಮನಸ್ಸೇ ಬರಲಿಲ್ಲ. ಅದು ಉದುರಲಿಲ್ಲ, ಅಂಟಂಟಾಯಿತು. ಚೀಲದಿಂದ ತೆಗೆದರೆ ಚೀಲದ ನೂಲು ಅದರ ಮೈಮೇಲೆ ಬರುತ್ತಿತ್ತು. ಬಳಸದೆ ಬೀರುವಿನಲ್ಲಿ ಇಟ್ಟಿದ್ದ ಕಾಲದಲ್ಲೇ ಹೀಗಾಗಿದ್ದು. ಅಂದರೆ ಬೆವರಿನ ಕಥೆ ಇಲ್ಲಿ ನಡೆಯಲ್ಲ.

ಗಂಧಕ

ಮೇಲಿನವರು ಹೇಳಿದ ಅಂಟಂಟು ಮೂರನೇ ಕಾಯಿಲೆ. ಅದು ಪಾಲಿಯುರಿಥೇನ್ ಅನ್ನುವ ಪ್ಲಾಸ್ಟಿಕ್‌ನ ಲೇಪನ ಇರಬೇಕು. ಪಾಲಿಯುರಿಥೇನ್‌ನಲ್ಲಿ ಎಸ್ಟರ್ ಜಾತಿ, ಈಥರ್ ಜಾತಿ ಅಂತ ಎರಡಿವೆ. ಎಸ್ಟರ್ ಜಾತಿಯದನ್ನು ಗಾಳಿಯ ತೇವವೇ ನಿಧಾನವಾಗಿ ಕತ್ತರಿಸುತ್ತದೆ. ಸೆಕೆ ಮತ್ತು ತೇವ ಒಟ್ಟಿಗೆ ಸೇರಿದರೆ ಬೇಗ. ಮುಚ್ಚಿದ ಚೀಲದಲ್ಲಿ ಒದ್ದೆ ಉಳಿದರೆ ಇನ್ನೂ ಬೇಗ. ಬಳಸದೆ ಇಟ್ಟ ಶೂಗಳ ಅಡಿ ಪುಡಿಯಾಗುವುದೂ ಎಷ್ಟೋ ಸಲ ಇದರಿಂದಲೇ. ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿಟ್ಟರೆ ಗಾಜಿಗೆ ಬೂಷ್ಟೂ ಹಿಡಿಯಲ್ಲ, ಇದೂ ನಿಧಾನವಾಗುತ್ತದೆ.

ಇನ್ನೊಂದು ಮಾತು. ರಬ್ಬರ್ ಮೇಲೆ ಕೆಲವೊಮ್ಮೆ ಬೂದುಬಿಳಿ ಪೊರೆ ಬರುತ್ತದೆ. ಅದನ್ನು ನೋಡಿ ಕೆಟ್ಟಿತು ಅಂತ ತಿಕ್ಕಬೇಡಿ. ಬಟ್ಟೆಯಲ್ಲಿ ಒಣಗಾಗಿಯೇ ಹೋಗುವಂತಿದ್ದರೆ ಅದು ಮೇಣ. ಓಝೋನ್ ತಡೆಯಲೆಂದು ಕಾಂಪೌಂಡ್‌ಗೆ ಹಾಕಿದ್ದು ಮೇಲೆ ಬಂದು ಕೂತಿರುತ್ತದೆ. ಇರಲಿ ಬಿಡಿ. ದಿನದ ಕೊನೆಯಲ್ಲಿ ಬೆರಳು ತಾಗುವ ಜಾಗಗಳನ್ನು ಮಾತ್ರ ಒರೆಸಿದರೆ ಸಾಕು.

ಕೆರೆದಂಡೆ

ಸಿಲಿಕೋನ್ ಟೇಪ್ ಸುತ್ತಿದೆ. ಕೊಳವೆ ಸ್ವಲ್ಪ ದಪ್ಪ ಅನ್ನಿಸುತ್ತದೆ, ಆದರೆ ಹಿಡಿತ ಚೆನ್ನಾಗಿದೆ, ಚೂರು ಉದುರುವುದು ನಿಂತಿದೆ. ಸುತ್ತುವ ಮೊದಲು ಹೆಬ್ಬೆರಳ ಜಾಗವನ್ನು ಲೂಪ್‌ನಲ್ಲಿ ನೋಡಿದೆ. ಒಂದು ಕಡೆ ಬಣ್ಣ ಎದ್ದು ಸಾಸಿವೆಗಿಂತ ಸಣ್ಣ ಬೂದು ಚುಕ್ಕಿ ಇದೆ. ಪುಡಿ ಇನ್ನೂ ಇಲ್ಲ.

ಕಂಪನಿಗೆ ಮತ್ತೆ ಬರೆದಿದ್ದೇನೆ. ಈ ಸಲ ಜಗಳದ ಧಾಟಿ ಬಿಟ್ಟು ನೇರ ಪ್ರಶ್ನೆಗಳನ್ನೇ ಕೇಳಿದೆ. ಹೊದಿಕೆ ಯಾವ ವಸ್ತುವಿನದು? ಕೈಬೆವರು ಮತ್ತು ಕ್ರೀಮ್‌ಗೆ ಒಡ್ಡಿ ಪರೀಕ್ಷೆ ಮಾಡಿದ್ದೀರಾ? ಹೊದಿಕೆಗೆ ವಾರಂಟಿ ಎಷ್ಟು ವರ್ಷ, ಅದು ಎಲ್ಲಿ ಬರೆದಿದೆ? ಈ ಮಾಡೆಲ್ ನಿಂತ ಮೇಲೆ ಹೊದಿಕೆಯ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ಬದಲಿಸಿದರೆ ಹೊಸದು ಅದೇ ಹಳೆಯ ಕಾಂಪೌಂಡಾ, ಸುಧಾರಿಸಿದ್ದಾ? ಕೊನೆಯದೇ ನನಗೆ ಮುಖ್ಯ. ಅದೇ ರಬ್ಬರ್ ಮತ್ತೆ ಹಾಕಿಸಿಕೊಂಡರೆ ಇದೇ ಜಾಗದಲ್ಲಿ ಮತ್ತೆ ಉದುರುತ್ತದೆ. ಹೊಸದು ಕೊಳ್ಳುವವರೂ ಇವನ್ನೇ ಕೊಳ್ಳುವ ಮುಂಚೆ ಕೇಳಿ, ಉತ್ತರ ಬರಹದಲ್ಲೇ ಪಡೆಯಿರಿ. ಅಂಗಡಿಯಲ್ಲಿ "ಲೈಫ್‌ಟೈಮ್" ಅಂತ ಬಾಯಲ್ಲಿ ಹೇಳಿದ್ದು ಯಾವ ಭಾಗಕ್ಕೆ ಅಂತ ಕಾರ್ಡಿನಲ್ಲಿ ಓದಿಯೇ ನಂಬಿ.

ಸ್ಕ್ರೂಡ್ರೈವರ್ ಅವರಿಗೆ ಒಂದು ಪ್ರಶ್ನೆ. ಆ ಬೂದು ಚುಕ್ಕಿಗೆ ಸದ್ಯ ಏನಾದರೂ ಹಚ್ಚಬೇಕಾ, ಇಲ್ಲಾ ಟೇಪ್ ಕೆಳಗೆ ಹಾಗೇ ಬಿಡಬಹುದಾ?

ಸ್ಕ್ರೂಡ್ರೈವರ್

ಟೇಪ್ ಕೆಳಗೆ ಹಾಗೇ ಬಿಡಬೇಡಿ, ಬೆವರು ಒಳಗೆ ಇಳಿದರೆ ಒಣಗಲು ಜಾಗ ಇರುವುದಿಲ್ಲ. ಟೇಪ್ ಬಿಚ್ಚಿ ಒಂದು ರಾತ್ರಿ ಗಾಳಿಗೆ ಇಡಿ. ಚುಕ್ಕಿಯ ಮೇಲೆ ಮಾತ್ರ ಹಲ್ಲುಕಡ್ಡಿಯ ತುದಿಯಿಂದ ಒಂದು ಹನಿ ಎಪಾಕ್ಸಿ ಬಣ್ಣ ಮುಟ್ಟಿಸಿ, ರಬ್ಬರ್‌ಗೆ ತಾಗದಿರಲಿ. ಪೂರ್ತಿ ಒಣಗಿದ ಮೇಲೆ ಹೊಸ ಟೇಪ್ ಸುತ್ತಿ. ಆಗಾಗ ಟೇಪ್ ಬಿಚ್ಚಿ ನೋಡುತ್ತಿರಿ. ಬಣ್ಣದ ಅಂಚಿನಲ್ಲಿ ಗುಳ್ಳೆ ಎದ್ದಿದ್ದರೆ ಕಂಪನಿಯ ಉತ್ತರಕ್ಕೆ ಕಾಯದೆ ಸರ್ವಿಸ್‌ಗೆ ಕಳಿಸಿ. ಕಳಿಸುವಾಗ ಜೊತೆಗೆ ಆ ಜಾಗದ ಫೋಟೋ, ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆದ ಚೀಟಿ ಇಡಿ.